ಮನೆ ವೈನ್ ಕುಡಿದರೆ ಮುಪ್ಪು ಮುಂದಕ್ಕೆ ಹೋಗುತ್ತಾ?

ಪ್ರಶ್ನೆ: ನನಗೆ 61 ವರ್ಷ. ವಿರಾಜಪೇಟೆ ಹತ್ತಿರ ಕಾಫಿ ತೋಟ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೀತಿದೆ. ಮಗ ಬೆಂಗಳೂರಿನಿಂದ, ದ್ರಾಕ್ಷಿ ಸಿಪ್ಪೆಯಲ್ಲಿ ಸಿಗುವ ರೆಸ್ವೆರಟ್ರಾಲ್ ಎಂಬ ವಸ್ತುವಿನ ಮಾತ್ರೆ ಕಳಿಸಿದ್ದಾನೆ. ಅದು ಸರ್ಟುಯಿನ್ ಕಿಣ್ವಗಳನ್ನು ಚುರುಕು ಮಾಡಿ ಮುಪ್ಪು ತಡೆಯುತ್ತದಂತೆ. ಕೆಂಪು ವೈನ್‌ನಲ್ಲೂ ಅದೇ ಇದೆಯಂತೆ. ಹಾಗಾದರೆ ನಮ್ಮ ಮನೆ ವೈನೇ ಸಾಕಲ್ವಾ?

ಉತ್ತರ: ಮೊದಲು ವೈನ್ ಲೆಕ್ಕ ಮುಗಿಸೋಣ. 2006ರಲ್ಲಿ ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳಿಗೆ ರೆಸ್ವೆರಟ್ರಾಲ್ ಕೊಟ್ಟಾಗ ಅವುಗಳ ಆರೋಗ್ಯ ಸುಧಾರಿಸಿತು, ಹೆಚ್ಚು ದಿನ ಬದುಕಿದವು. ಆದರೆ ಪ್ರಮಾಣ ನೋಡಿ: ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 22 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ಅದೇ ಲೆಕ್ಕ ಹಿಡಿದರೆ 1,300 ಮಿಲಿಗ್ರಾಂ ದಾಟುತ್ತದೆ. ಲೀಟರ್ ಕೆಂಪು ವೈನ್‌ನಲ್ಲಿ ಇರೋದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ದಿನಕ್ಕೆ ನೂರಾರು ಲೀಟರ್ ಆಯ್ತು! ಕೊಡಗಿನ ಶುಂಠಿ ವೈನ್, ಪ್ಯಾಶನ್ ಫ್ರೂಟ್ ವೈನ್‌ಗಳಲ್ಲಂತೂ ದ್ರಾಕ್ಷಿಯೇ ಇರೋದಿಲ್ಲ. ಸಕ್ಕರೆ ಮಾತ್ರ ಜಾಸ್ತಿ. ಮುಂದೆ ಸಾಮಾನ್ಯ ಆಹಾರದ ಇಲಿಗಳಲ್ಲಿ ನೋಡಿದಾಗ ಆಯಸ್ಸು ಹೆಚ್ಚಲೂ ಇಲ್ಲ.

ಹಾಗಂತ ಸರ್ಟುಯಿನ್ ಸುಳ್ಳಲ್ಲ. ನಮ್ಮಂಥ ಸಸ್ತನಿಗಳಲ್ಲಿ ಇವು ಏಳು ಬಗೆ. ಪ್ರೋಟೀನುಗಳ ಮೇಲೆ ಅಂಟಿದ ಅಸಿಟೈಲ್‌ನಂಥ ಸಣ್ಣ ರಾಸಾಯನಿಕ ಗುಂಪುಗಳನ್ನು ಕಿತ್ತು, ಆ ಪ್ರೋಟೀನುಗಳ ಕೆಲಸದ ಗತಿ ಬದಲಿಸುತ್ತವೆ. ಇದಕ್ಕೆ ಎನ್‌ಎಡಿ ಎಂಬ ಅಣು ಬೇಕೇ ಬೇಕು. ಅದಿಲ್ಲದಿದ್ದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಡೀಸೆಲ್ ಇಲ್ಲದೆ ನಿಂತ ಹಾಗೆ. ವಯಸ್ಸಾದಂತೆ ಹಲವು ಅಂಗಾಂಶಗಳಲ್ಲಿ ಈ ಎನ್‌ಎಡಿ ಇಳಿಯುತ್ತದೆ. ಹೊಟ್ಟೆ ಖಾಲಿ ಇದ್ದಾಗ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸಲು ಈ ಏಳರಲ್ಲಿ ಒಂದಾದ ಸರ್ಟ್-1 ನೆರವಾಗುತ್ತದೆ. ಜೀವಕೋಶದ ಶಕ್ತಿ ಕೇಂದ್ರವಾದ ಮೈಟೊಕಾಂಡ್ರಿಯಾದೊಳಗೆ ಕೊಬ್ಬು ಉರಿಸುವ ಕೆಲಸಕ್ಕೆ ಸರ್ಟ್-3. ಡಿಎನ್‌ಎ ರಿಪೇರಿಗೆ ಸರ್ಟ್-6 ಬೇಕು. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಸುಮಾರು ತಿಂಗಳಿಗೇ ಸತ್ತವು.

ಆಯಸ್ಸಿನ ಕಥೆ ಶುರುವಾಗಿದ್ದು 1999ರಲ್ಲಿ, ಸರ್ಟುಯಿನ್ ಹೆಚ್ಚಿಸಿದಾಗ ಹೆಚ್ಚು ಬದುಕಿದ ಯೀಸ್ಟ್‌ನಿಂದ. ಹುಳ, ನೊಣಗಳಲ್ಲೂ ಆಯಸ್ಸು ಹೆಚ್ಚುತ್ತದೆ ಅಂದರು. 2011ರಲ್ಲಿ ಆ ಪ್ರಯೋಗಗಳನ್ನು ಬಿಗಿಯಾಗಿ ಮಾಡಿ ನೋಡಿದಾಗ ಲಾಭ ಬಹುಪಾಲು ಕರಗಿಹೋಯಿತು. ಸರ್ಟ್-1 ಹೆಚ್ಚಿಸಿದ ಇಲಿಗಳು ಮುಪ್ಪಿನಲ್ಲಿ ಆರೋಗ್ಯವಾಗಿದ್ದವು, ಆದರೆ ಹೆಚ್ಚು ಬದುಕಲಿಲ್ಲ. 2012ರಲ್ಲಿ ಸರ್ಟ್-6 ಹೆಚ್ಚಿಸಿದಾಗ ಆಯಸ್ಸು ಏರಿತು, ಅದೂ ಗಂಡು ಇಲಿಗಳಲ್ಲಿ ಮಾತ್ರ. ಇಷ್ಟರ ನಡುವೆ 2008ರಲ್ಲೇ ಒಂದು ದೊಡ್ಡ ಔಷಧ ಕಂಪನಿ ಈ ಭರವಸೆಗೆ 72 ಕೋಟಿ ಡಾಲರ್ ಸುರಿದಿತ್ತು. ಮುಪ್ಪಿನ ಮದ್ದು ಇನ್ನೂ ಬಂದಿಲ್ಲ.

ಹಾಗಾಗಿ ರೆಸ್ವೆರಟ್ರಾಲ್ ಮಾತ್ರೆಗೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ. ಸರ್ಟುಯಿನ್ ಏರಲಿ ಅಂತ ಸುಮ್ನೆ ಉಪವಾಸ ಕೂರುವುದೂ ಬೇಡ. ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ತೋಟದಲ್ಲೇ ತಲೆ ಸುತ್ತಿ ಬೀಳಬಹುದು.