ಟೆಲ್ಯಾಬ್ಸ್ ವೈಕೋರಸ್ ಖರೀದಿ: ಸೋತಿದ್ದು ಎಲ್ಲಿ?

ಮೊಬೈಲ್ ಜಾಲದ ಉಪಕರಣ ಮಾಡುತ್ತಿದ್ದ ವೈಕೋರಸ್ ಎಂಬ ಕಂಪನಿಗೆ ಜಾಸ್ತಿ ಬೆಲೆ ಕೊಟ್ಟಿದ್ದರಿಂದಲೇ ಅಮೆರಿಕದ ಟೆಲಿಕಾಂ ಉಪಕರಣ ಕಂಪನಿ ಟೆಲ್ಯಾಬ್ಸ್ ಸೋತಿತಾ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಟೆಲ್ಯಾಬ್ಸ್ ಕೊಡಲು ಒಪ್ಪಿದ್ದು 16.5 ಕೋಟಿ ಡಾಲರ್. ಅದೇ ತಿಂಗಳು ಸಿಸ್ಕೋ ಇದೇ ಕ್ಷೇತ್ರದ ಸ್ಟಾರೆಂಟ್ ಕಂಪನಿಯ ಖರೀದಿಗೆ 290 ಕೋಟಿ ಡಾಲರ್ ಘೋಷಿಸಿತ್ತು.

ಕಷ್ಟ ಇದ್ದಿದ್ದು ಬೇರೆ ಕಡೆ. ವೈಕೋರಸ್ ಮಾಡುತ್ತಿದ್ದಿದ್ದು 4ಜಿ ಪ್ಯಾಕೆಟ್ ಕೋರ್. ಫೋನಿನ ಡೇಟಾ ಇಂಟರ್ನೆಟ್‌ಗೆ ಹೋಗುವುದೇ ಅದರ ಮೂಲಕ. ಅದು ಕೆಟ್ಟರೆ ಲಕ್ಷಾಂತರ ಜನರ ಡೇಟಾ ಒಟ್ಟಿಗೇ ನಿಲ್ಲುತ್ತದೆ. ಅಂಥ ಜಾಗಕ್ಕೆ ಹೊಸಬರನ್ನು ಬಿಟ್ಟುಕೊಳ್ಳಲು ಯಾವ ಆಪರೇಟರ್ ಆದರೂ ಹೆದರುತ್ತಾನೆ, ಅಲ್ವಾ? ಟೆಲ್ಯಾಬ್ಸ್‌ಗೆ ಹೆಸರಿದ್ದಿದ್ದು ಸಾಗಣೆ ಜಾಲದ, ಅಂದರೆ ಡೇಟಾವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಜಾಲದ ಉಪಕರಣಗಳಲ್ಲಿ. ಫೋನಿಗೆ ಸಿಗ್ನಲ್ ಕೊಡುವ ಟವರಿನ ರೇಡಿಯೋ ಉಪಕರಣ ಅದರ ಕೈಯಲ್ಲಿರಲಿಲ್ಲ. 2010ರಲ್ಲಿ ಅದರ ದೊಡ್ಡ ಗ್ರಾಹಕನಾದ ಅಮೆರಿಕದ ಆಪರೇಟರ್ ಎಟಿ&ಟಿ ತನ್ನ 4ಜಿ ಜಾಲಕ್ಕೆ (ಎಲ್‌ಟಿಇ) ಆರಿಸಿದ್ದು ಎರಿಕ್ಸನ್ ಮತ್ತು ಆಲ್ಕಟೆಲ್-ಲೂಸೆಂಟ್ ಅನ್ನು. ಎರಡೂ ರೇಡಿಯೋ, ಕೋರ್ ಎರಡನ್ನೂ ಮಾರುವ ಕಂಪನಿಗಳು. ನನ್ನ ಪ್ರಕಾರ ಆಟ ಅಲ್ಲೇ ಕೈತಪ್ಪಿತು.

2012ರ ಆರಂಭದಲ್ಲಿ ಟೆಲ್ಯಾಬ್ಸ್‌ನವರು ವೈಕೋರಸ್‌ನಿಂದ ಬಂದ ಪ್ಯಾಕೆಟ್ ಕೋರ್ ಉಪಕರಣ ಸ್ಮಾರ್ಟ್‌ಕೋರ್ 9100ರ ಅಭಿವೃದ್ಧಿ ನಿಲ್ಲಿಸಿದರು. ಸುಮಾರು 530 ಕೆಲಸಗಳನ್ನು ಕಡಿತ ಮಾಡುವುದಾಗಿಯೂ ಹೇಳಿದರು. ಅದನ್ನು ಕಟ್ಟಿದ ಎಂಜಿನಿಯರುಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. 2013ರಲ್ಲಿ ಇಡೀ ಟೆಲ್ಯಾಬ್ಸ್ ಅನ್ನೇ ಹೂಡಿಕೆ ಸಂಸ್ಥೆ ಮಾರ್ಲಿನ್ ಈಕ್ವಿಟಿ ಸುಮಾರು 89 ಕೋಟಿ ಡಾಲರ್‌ಗೆ ಕೊಂಡಿತು.