ಪ್ಯಾರಿಸ್‌ನ ಮಾರೆ ಬಡಾವಣೆಯನ್ನು ಗೈಡ್ ಇಲ್ಲದೆ ಅರ್ಧ ದಿನದಲ್ಲಿ ನಡೆದು ನೋಡಬಹುದೇ?

ಅರ್ಧ ದಿನ ಸಾಕು, ಗೈಡ್ ಕೂಡ ಬೇಕಿಲ್ಲ. ಆದರೆ ಬೀದಿಗಳಿಗಿಂತ ಅಂಗಳಗಳಿಗೆ ಹೆಚ್ಚು ಸಮಯ ಮೀಸಲಿಡಿ ಎಂಬುದು ನನ್ನ ಸಲಹೆ. ಹದಿನೇಳನೆಯ ಶತಮಾನದ ಸಿರಿವಂತರು ಇಲ್ಲಿ ಕಟ್ಟಿಸಿದ ಮಹಲುಗಳಲ್ಲಿ ಅನೇಕವು ಬೀದಿಗೆ ತೋರುವುದು ಎತ್ತರದ ಗೋಡೆಯನ್ನೂ ಸಾರೋಟು ನುಗ್ಗುವಷ್ಟು ಅಗಲದ ಹೆಬ್ಬಾಗಿಲನ್ನೂ ಮಾತ್ರ. ಫ್ಯಾಷನ್ ಅಂಗಡಿಗಳ ಗಾಜಿನಲ್ಲೇ ಕಣ್ಣು ನೆಟ್ಟವರಿಗೆ ಈ ಬಡಾವಣೆಯ ಅರ್ಧ ಭಾಗ ಕಾಣುವುದೇ ಇಲ್ಲ.

ಸೇಂಟ್ ಪಾಲ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸೇಂಟ್ ಆಂತ್ವಾನ್ ರಸ್ತೆಯ 62ನೇ ಸಂಖ್ಯೆಯ ಸುಲ್ಲಿ ಮಹಲಿನಿಂದ ಆರಂಭಿಸಿ. ಹಗಲಿನಲ್ಲಿ ಅದರ ಅಂಗಳಕ್ಕೆ ಯಾರು ಬೇಕಾದರೂ ಹೋಗಬಹುದು. ಶಿಲ್ಪಗಳಿರುವ ಮುಂದಿನ ಅಂಗಳವನ್ನು ದಾಟಿ, ಹಿಂದಿನ ಉದ್ಯಾನದ ಬಲಮೂಲೆಗೆ ಹೋದರೆ ಒಂದು ಸಣ್ಣ ಬಾಗಿಲಿದೆ. ಅದನ್ನು ಹಾದರೆ ನೇರವಾಗಿ ಪ್ಲಾಸ್ ದೆ ವೋಜ್ ಚೌಕದ ಕಮಾನುಗಳ ಕೆಳಗೆ ನಿಂತಿರುತ್ತೀರಿ. ನಾಲ್ಕನೆಯ ಹೆನ್ರಿ ದೊರೆ 1605ರಲ್ಲಿ ಆರಂಭಿಸಿದ, ಅವನ ಮರಣಾನಂತರ 1612ರಲ್ಲಿ ಉದ್ಘಾಟನೆಯಾದ ಈ ಚೌಕದ ಪ್ರತಿ ಬದಿಯೂ ಸುಮಾರು 140 ಮೀಟರ್ ಉದ್ದವಿದೆ. ಕೆಂಪು ಗೋಡೆಗಳನ್ನು ತೀರ ಹತ್ತಿರದಿಂದ ನೋಡಿ: ಕೆಲವು ಕಡೆ ಇರುವುದು ನಿಜವಾದ ಇಟ್ಟಿಗೆಯಲ್ಲ, ಗಾರೆಯ ಮೇಲೆ ಬಣ್ಣ ಬಳಿದು ಗೆರೆ ಎಳೆದ ಇಟ್ಟಿಗೆ. ರಾಜಚೌಕದಲ್ಲೂ ಖರ್ಚು ಉಳಿಸುವ ಜಾಣರಿದ್ದರು ಎಂದು ನನಗೆ ಅದನ್ನು ಕಂಡಾಗಲೆಲ್ಲ ನಗು ಬರುತ್ತದೆ. ಆರನೇ ಸಂಖ್ಯೆಯಲ್ಲಿ ವಿಕ್ಟರ್ ಹ್ಯೂಗೊ 1832ರಿಂದ 1848ರವರೆಗೆ ಬಾಡಿಗೆಗಿದ್ದ ಮನೆ ಈಗ ವಸ್ತುಸಂಗ್ರಹಾಲಯ.

ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ನಡೆದರೆ ಪ್ಯಾರಿಸ್ ನಗರದ ಚರಿತ್ರೆಯ ಕಾರ್ನಾವಲೆ ಸಂಗ್ರಹಾಲಯ ಸಿಗುತ್ತದೆ. ಅದರ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಶುಲ್ಕವಿಲ್ಲ. ಸಮಯ ಕಡಿಮೆಯಿದ್ದರೆ ಹಳೆಯ ಅಂಗಡಿಗಳ ತೂಗುಫಲಕಗಳನ್ನು ಜೋಡಿಸಿಟ್ಟಿರುವ ಕೋಣೆಗಳನ್ನಷ್ಟೇ ನೋಡಿಕೊಂಡು ಬನ್ನಿ. ಬಳಿಕ ಯಹೂದಿಗಳ ರೋಜಿಯೆ ಬೀದಿಯನ್ನು ಹಾದು, ದಕ್ಷಿಣಕ್ಕೆ ಸೇನ್ ನದಿಯ ಕಡೆ ಇಳಿಯಿರಿ. ಅಲ್ಲಿ ಶಾಲೆಯ ಆಟದ ಮೈದಾನದ ಒಂದು ಬದಿಗೆ, ಫಿಲಿಪ್ ಒಗುಸ್ತ್ ದೊರೆ ಸುಮಾರು 800 ವರ್ಷಗಳ ಹಿಂದೆ ಕಟ್ಟಿಸಿದ ನಗರದ ಕೋಟೆಗೋಡೆಯ ತುಂಡು ಇನ್ನೂ ನಿಂತಿದೆ. ಯಾವ ಟಿಕೆಟ್ಟೂ ಇಲ್ಲದ ಆ ನೋಟ ನನಗೆ ಚೌಕಕ್ಕಿಂತ ಹೆಚ್ಚು ಇಷ್ಟ.

ಇಷ್ಟೆಲ್ಲ ಉಳಿದದ್ದು ಯಾರೋ ಜತನದಿಂದ ಕಾಪಾಡಿದ್ದರಿಂದಲ್ಲ. ಹದಿನೆಂಟನೆಯ ಶತಮಾನದಲ್ಲಿ ಶ್ರೀಮಂತರು ನಗರದ ಪಶ್ಚಿಮ ಭಾಗಗಳಿಗೆ ಗುಳೆ ಹೋದರು. ಮಹಲುಗಳೊಳಗೆ ಕುಶಲಕರ್ಮಿಗಳ ಕಮ್ಮಟಗಳೂ ಬಡವರ ಬಿಡಾರಗಳೂ ತುಂಬಿಕೊಂಡವು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಪ್ಯಾರಿಸ್ಸನ್ನು ಒಡೆದು ಹೊಸದಾಗಿ ಕಟ್ಟಿಸಿದ ಅಧಿಕಾರಿ ಹೌಸ್‌ಮನ್‌ನ ಅಗಲ ರಸ್ತೆಗಳು ಬಹುಪಾಲು ಈ ಓಣಿಗಳನ್ನು ಮುಟ್ಟದೆ ಹೋದವು. ಆಂದ್ರೆ ಮಾಲ್ರೊ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದಾಗ, ಹಳೆಯ ಬಡಾವಣೆಗಳನ್ನು ಉಳಿಸಲು 1962ರಲ್ಲಿ ಬಂದ ಕಾನೂನಿನಿಂದ ಜೀರ್ಣೋದ್ಧಾರ ಆರಂಭವಾಯಿತು, ಬಾಡಿಗೆ ಏರಿತು, ಕುಶಲಕರ್ಮಿಗಳು ಹೊರಟರು, ಫ್ಯಾಷನ್ ಒಳಬಂತು.

ದಿನವನ್ನು ಮಾತ್ರ ಎಚ್ಚರದಿಂದ ಆರಿಸಿಕೊಳ್ಳಿ: ಸೋಮವಾರ ಮೇಲಿನ ಎರಡೂ ಸಂಗ್ರಹಾಲಯಗಳಿಗೆ ರಜೆ, ಶನಿವಾರ ರೋಜಿಯೆ ಬೀದಿಯ ಯಹೂದಿ ಅಂಗಡಿಗಳಲ್ಲಿ ಹಲವು ಮುಚ್ಚಿರುತ್ತವೆ, ಭಾನುವಾರ ಅಂಗಡಿಗಳು ತೆರೆದಿರುವುದರಿಂದಲೇ ಕಾಲಿಡಲು ಜಾಗವಿರುವುದಿಲ್ಲ. ಉಳಿದ ಯಾವ ದಿನವಾದರೂ ಬೆಳಿಗ್ಗೆಯೇ ಹೊರಡಿ.