ರಸ್ತೆ ಬಂದಾದಾಗ ಈರುಳ್ಳಿ ದರ ಏರಿಸುವುದು ಲೂಟಿಯೇ?

ಗುಡ್ಡ ಕುಸಿದು ರಸ್ತೆ ಬಂದಾದ ವಾರ ನಿಮ್ಮೂರಿನ ಅಂಗಡಿಯವರು ಈರುಳ್ಳಿಗೆ ಕಿಲೋಗೆ 20 ರೂಪಾಯಿ ಏರಿಸಿದರು, ಅದು ಲೂಟಿ ಎಂದು ನಿಮಗನ್ನಿಸಿತು. ಅರ್ಥಶಾಸ್ತ್ರ ಓದುವ ಗೆಳೆಯ ಮಾತ್ರ "ಏರಿಸಿದ್ದೇ ಸರಿ, ಇಲ್ಲವಾದರೆ ಮೊದಲು ಬಂದವರು ಎಲ್ಲವನ್ನೂ ಬಾಚಿಕೊಂಡು ಹೋಗುತ್ತಾರೆ" ಎಂದನಂತೆ. ಯಾರ ಮಾತು ಸರಿ ಎಂಬುದು ನಿಮ್ಮ ಪ್ರಶ್ನೆ.

ನಾನು ಗೋಕರ್ಣ ಮತ್ತು ಕುಮಟಾ ನಡುವಿನ ಊರೊಂದರಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ಅಪ್ಪನ ಕಾಲದ ಅಂಗಡಿ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ. ಉಳಿದರ್ಧ ಮೀನುಗಾರರ ಮನೆ ಬಾಗಿಲಲ್ಲಿ ನಿಲ್ಲುವುದಿಲ್ಲ.

ಮೊದಲು ಗಾಬರಿಯ ವಿಷಯ. 2016ರ ನವೆಂಬರ್‌ನಲ್ಲಿ ನೋಟು ರದ್ದಾಗಿ ಮೂರು ದಿನವಾಗಿತ್ತು. ದೆಹಲಿ, ಉತ್ತರ ಪ್ರದೇಶದ ಕಡೆ ಉಪ್ಪು ಮುಗಿಯುತ್ತದೆಂಬ ಗಾಳಿಸುದ್ದಿ ಹಬ್ಬಿ ಜನ ಸಿಕ್ಕ ದರಕ್ಕೆ ಉಪ್ಪು ಕೊಂಡರು. ಮರುದಿನ ಬೆಳಿಗ್ಗೆ ಅದರ ಬಿಸಿ ನಮ್ಮ ಅಂಗಡಿಗೂ ಮುಟ್ಟಿತು. ಊರಿನ ಒಬ್ಬ ಅಕ್ಕ ಬಂದು ಆರು ಪ್ಯಾಕೆಟ್ ಉಪ್ಪು ಕೇಳಿದರು. ಸಾಣಿಕಟ್ಟೆಯ ಉಪ್ಪಿನ ಆಗರ ನಮಗೆ ಕೂಗಳತೆಯಲ್ಲಿದೆ. ಆ ಆಗರದ ಉಪ್ಪು ತಿಂದು ಬೆಳೆದವರೇ ಉಪ್ಪಿಗೆ ಬರ ಬರುತ್ತದೆಂದು ಹೆದರಿದ್ದರು. "ಇಷ್ಟು ಯಾಕಕ್ಕಾ?" ಎಂದೆ. "ನನಗೇನೂ ಬೇಡ ತಮ್ಮಾ, ಉಳಿದವರು ಒಯ್ದು ಮುಗಿಸಿದರೆ?" ಎಂದರು.

ಅವರ ಯೋಚನೆ ತಪ್ಪಲ್ಲ. ನನ್ನ ಕಪಾಟಿನಲ್ಲಿರುವುದು 50 ಪ್ಯಾಕೆಟ್. ತಿಂಗಳಿಗೊಂದು ಒಯ್ಯುವ 120 ಮನೆಗಳಿವೆ. ಒಬ್ಬೊಬ್ಬರು ಒಂದೊಂದು ದಿನ ಬರುವುದರಿಂದ ಸಾಲುತ್ತದೆ. ಅಷ್ಟೂ ಮನೆಯವರು ಒಂದೇ ದಿನ ಬಂದು ಮೂರು ಮೂರು ಕೇಳಿದರೆ 360 ಬೇಕು. ದೇಶದಲ್ಲಿ ಒಂದು ಹರಳು ಉಪ್ಪೂ ಕಡಿಮೆಯಾಗಿರುವುದಿಲ್ಲ, ಆದರೂ ನನ್ನ ಕಪಾಟು ಹನ್ನೊಂದು ಗಂಟೆಗೆ ಬರಿದಾಗುತ್ತದೆ. ಆ ಬರಿದಾದ ಕಪಾಟನ್ನು ಕಂಡವರು ಸುದ್ದಿ ನಿಜವೆಂದೇ ನಂಬಿ ಪಕ್ಕದ ಊರಿಗೆ ಓಡುತ್ತಾರೆ.

ಪ್ಯಾಕೆಟ್ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಅದನ್ನು ಮೀರಿ ಮಾರುವುದು ಅಪರಾಧ. ಹಾಗಾಗಿ ನಮ್ಮ ದೇಶದಲ್ಲಿ ಗಾಬರಿ ಎದ್ದಾಗ ಪ್ಯಾಕೆಟ್ ಸಾಮಾನು ಮಾಯವಾಗುತ್ತದೆ, ತೂಗಿ ಕೊಡುವ ಸಾಮಾನಿನ ದರ ಏರುತ್ತದೆ. ದರ ಏರದಿದ್ದರೆ ಬಾಚಿಕೊಂಡು ಹೋಗುತ್ತಾರೆಂದು ನಿಮ್ಮ ಗೆಳೆಯ ಹೇಳಿದ್ದು ಇಲ್ಲಿ ನಿಜ. ಆದರೆ ಬಾಚುವ ಕೈ ತಡೆಯಲು ದರವೊಂದೇ ದಾರಿಯಲ್ಲ. ಅಂದು ನಾನು ಮನೆಗೆ ಎರಡರ ಮೇಲೆ ಕೊಡಲಿಲ್ಲ. ಸಂಜೆಯವರೆಗೂ ಕಪಾಟಿನಲ್ಲಿ ಉಪ್ಪು ಕಣ್ಣಿಗೆ ಬೀಳುತ್ತಿತ್ತು. ಅದು ಕಣ್ಣಿಗೆ ಬೀಳುತ್ತಿದ್ದುದರಿಂದಲೇ ಮರುದಿನ ಯಾರೂ ಕೇಳಲಿಲ್ಲ.

ಇನ್ನು ಈರುಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯೊಳಗೆ ಬಿತ್ತು. ಅಲ್ಲಿ ಹೋದ ಜೀವಗಳ ಮುಂದೆ ಅಂಗಡಿಯ ಲೆಕ್ಕ ತೀರಾ ಸಣ್ಣದು, ನನಗೆ ಗೊತ್ತು. ಆದರೆ ಆ ವಾರವೂ ಒಲೆ ಉರಿಯಬೇಕಿತ್ತು. ಹುಬ್ಬಳ್ಳಿಯಿಂದ ನಮಗೆ ಸಾಮಾನು ತರುವ ಗಾಡಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ ಬರುತ್ತಿತ್ತು. ಆ ದಾರಿ ಮುಚ್ಚಿತು. ಶಿರಸಿಯ ಕಡೆಯಿಂದ ಸುತ್ತಿ ಬರಲು ಡ್ರೈವರ್ ಒಪ್ಪಿದ, ಬಾಡಿಗೆ ಹೆಚ್ಚು ಕೇಳಿದ. ನಾನು ಕೊಡದಿದ್ದರೆ ಗಾಡಿ ಬರುತ್ತಿರಲಿಲ್ಲ. ನಿಮ್ಮ ಗೆಳೆಯನ ಮಾತಿನ ನಿಜವಾದ ಅರ್ಧ ಇದೇ: ಹೆಚ್ಚಿನ ದುಡ್ಡು ಸಾಮಾನನ್ನು ಎಳೆದು ತರುತ್ತದೆ.

ಎಷ್ಟು ಹೆಚ್ಚು? ನನ್ನ ಬಿಲ್ಲಿನ ಲೆಕ್ಕವನ್ನೇ ಹೇಳುತ್ತೇನೆ. 50 ಕಿಲೋ ಚೀಲಕ್ಕೆ 60 ರೂಪಾಯಿ ಇದ್ದ ಬಾಡಿಗೆ 130 ಆಯಿತು. ಕಿಲೋಗೆ 1 ರೂಪಾಯಿ 40 ಪೈಸೆ ಹೆಚ್ಚು. ತಾಡಪಾಲಿನೊಳಗೆ ಮಳೆನೀರು ಇಳಿದು ಚೀಲದ ಒಂದು ಬದಿ ಒದ್ದೆಯಾಗಿತ್ತು. ಬಿಚ್ಚಿ ನೆಲಕ್ಕೆ ಸುರಿದು ಆರಿಸಿದಾಗ ಸುಮಾರು ಮೂರು ಕಿಲೋ ಕೊಳೆತದ್ದು ಸಿಕ್ಕಿತು. ಬೆರಳಿಟ್ಟರೆ ಸಿಪ್ಪೆ ಒಳಗೆ ಜಾರುತ್ತಿತ್ತು. ಉಳಿದ 47 ಕಿಲೋ ಇಡೀ ಚೀಲದ ಖರ್ಚು ಹೊರಬೇಕು. ಮೊದಲು ಕಿಲೋಗೆ 36 ಬೀಳುತ್ತಿದ್ದದ್ದು ಆಗ ಹೆಚ್ಚುಕಡಿಮೆ 40 ಬಿತ್ತು. ಅಂದರೆ ನಾಲ್ಕು ರೂಪಾಯಿ. ನಾನು ಏರಿಸಿದ್ದೂ ನಾಲ್ಕೇ, ಮಾರುವ ದರ 42ರಿಂದ 46ಕ್ಕೆ. ಹುಬ್ಬಳ್ಳಿಯಲ್ಲೇ ದರ ಏರಿದ್ದರೆ ಅದು ಬೇರೆ ಲೆಕ್ಕ. ಇಪ್ಪತ್ತು ಏರಿಸಿದ್ದರೂ ಎರಡನೆಯ ಗಾಡಿ ಬರುತ್ತಿರಲಿಲ್ಲ, ಘಟ್ಟದಲ್ಲಿ ಅಷ್ಟು ದಾರಿಯೇ ಇರಲಿಲ್ಲ. ಗಾಡಿ ತರಲು ಬೇಕಾದಷ್ಟು ಏರಿಕೆ ಒಂದು, ದಾರಿ ಇಲ್ಲವೆಂದು ತಿಳಿದು ಮಾಡುವ ಏರಿಕೆ ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಜನರೂ ಇದನ್ನು ಬೇರ್ಪಡಿಸಿಯೇ ನೋಡುತ್ತಾರೆ. ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ಕೆನಡಾದಲ್ಲಿ ಜನರನ್ನು ಕೇಳಿ 1986ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹಿಮ ಸುರಿದ ಮರುದಿನ 15 ಡಾಲರ್‌ನ ಸಲಿಕೆಯನ್ನು 20ಕ್ಕೆ ಮಾರುವುದು ಅನ್ಯಾಯವೆಂದವರು ಶೇಕಡಾ 82. ಸಾಗಾಟದ ಗೊಂದಲದಿಂದ ಸೊಪ್ಪಿನ ಖರೀದಿ ದರ ಏರಿ, ಅಂಗಡಿಯವನು ಅಷ್ಟನ್ನೇ ಗಿರಾಕಿಗೆ ದಾಟಿಸಿದರೆ? ಒಪ್ಪಬಹುದೆಂದವರು ಶೇಕಡಾ 79. ನನ್ನ ಗಿರಾಕಿಗಳೂ ಹೆಚ್ಚಿನವರು ಹಾಗೆಯೇ ಹೇಳುತ್ತಿದ್ದರು ಎಂದು ನನ್ನ ನಂಬಿಕೆ.

"ಹಳೆಯ ದರದ ಚೀಲಕ್ಕೂ ಹೊಸ ದರವೇ?" ಎಂದು ಅನೇಕರು ಜಗಳ ತೆಗೆಯುತ್ತಾರೆ. ನಾನು ಹಳೆಯ ಚೀಲ ಮುಗಿಯುವವರೆಗೆ ಹಳೆಯ ದರದಲ್ಲೇ ಕೊಟ್ಟೆ, ಮನೆಗೆ ಒಂದೇ ಕಿಲೋ. ಆದರೆ ದಿನದ ಗಲ್ಲಾಪೆಟ್ಟಿಗೆಯ ದುಡ್ಡಿನಲ್ಲೇ ಮುಂದಿನ ಚೀಲ ತರುವ ಸಣ್ಣ ಅಂಗಡಿಯವರಿಗೆ ಅದು ಆಗದು. ಹಳೆಯ ದರಕ್ಕೆ ಮಾರಿದರೆ ಮುಂದಿನ ಚೀಲಕ್ಕೆ ಅವರ ದುಡ್ಡು ಸಾಲದೆ ಹೋದೀತು. ಅಂಥವರನ್ನು ಕಳ್ಳರೆನ್ನಬೇಡಿ.

ಈಗ ಮೀನುಗಾರರ ಮನೆಯ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗುಡ್ಡ ಕುಸಿದದ್ದು ಅದರ ನಡುವಿನಲ್ಲೇ. ನನ್ನ ಉದ್ರಿ ಪುಸ್ತಕದಲ್ಲಿ ಆ ಮನೆಗಳ ಪುಟ ನೋಡಿದರೆ ಎಡಬದಿ ತುಂಬಿ ಕೆಳಗಿಳಿದಿರುತ್ತದೆ, ಜಮಾ ಬರೆಯುವ ಬಲಬದಿ ಆಗಸ್ಟ್‌ವರೆಗೆ ಬೆಳ್ಳಗಿರುತ್ತದೆ. ಅದೇ ವಾರ ಹೋಟೆಲಿನವರೊಬ್ಬರು ಬಂದು ಕಿಲೋಗೆ 60 ಕೊಡುತ್ತೇವೆ, ಇದ್ದ ಮೂರೂ ಚೀಲ ಇಡಿಯಾಗಿ ಕೊಡಿ ಎಂದರು. ದರ ಏರಿದರೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಸಾಮಾನು ತಲುಪುತ್ತದೆ ಎಂದು ಅರ್ಥಶಾಸ್ತ್ರದ ಪಾಠ ಹೇಳುತ್ತದೆ. ಏಳು ಜನರ ಮನೆಗೆ ಅರ್ಧ ಕಿಲೋ ಈರುಳ್ಳಿ ಉದ್ರಿ ಬರೆಸಿದ ಆ ತಾಯಿಗೆ ಅಗತ್ಯ ಇರಲಿಲ್ಲವೇ? ಇದ್ದದ್ದು ಅಗತ್ಯ, ಇಲ್ಲದ್ದು ದುಡ್ಡು. 1943ರ ಬಂಗಾಳದ ಕ್ಷಾಮದ ಬಗ್ಗೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದು ಇದನ್ನೇ: ಆ ವರ್ಷ ಅಕ್ಕಿ 1941ಕ್ಕಿಂತ ಕಡಿಮೆಯೇನೂ ಇರಲಿಲ್ಲ, ಅಕ್ಕಿಯ ದರ ಕೂಲಿಯನ್ನು ಬಿಟ್ಟು ಓಡಿತ್ತು, ಹೆಚ್ಚು ನಲುಗಿದವರಲ್ಲಿ ಕೃಷಿ ಕೂಲಿಗಳೂ ಮೀನುಗಾರರೂ ಇದ್ದರು. ಹೋಟೆಲಿನವರಿಗೆ ನಾನು ಹತ್ತು ಕಿಲೋ ಕೊಟ್ಟೆ, 46ರ ದರದಲ್ಲೇ. ಅವರಿಗೆ ಬೇಸರವಾಯಿತು.

ಇನ್ನೊಂದನ್ನು ಗಮನಿಸಿದ್ದೇನೆ. ಮಳೆಗಾಲದಲ್ಲಿ ಮೀನು ಮಾರುವ ಅಕ್ಕಂದಿರು ಬಂಗುಡೆಗೆ ಎರಡರಷ್ಟು ಹೇಳಿದರೂ ಇಲ್ಲಿ ಯಾರೂ ಲೂಟಿ ಎನ್ನುವುದಿಲ್ಲ. ಬಲೆ ತುಂಬಿದ ದಿನ ಅದೇ ಅಕ್ಕ ಕೇಳಿದ ದರಕ್ಕೆ ಬುಟ್ಟಿ ಬರಿದು ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಕಿರಾಣಿ ದರ ಹಾಗೆ ಇಳಿದದ್ದನ್ನು ಕಂಡದ್ದು ಕಡಿಮೆ. ಅದಕ್ಕೇ ಹೆದ್ದಾರಿ ತೆರೆದು ಮೊದಲ ಗಾಡಿ ಬಂದ ದಿನವೇ ನಾನು ಹಲಗೆಯ ಮೇಲೆ 46 ಅಳಿಸಿ 42 ಬರೆದೆ.

ನಿಮ್ಮೂರಿನಲ್ಲಿ ರಸ್ತೆ ತೆರೆದ ಮೇಲೆ ಆ ಇಪ್ಪತ್ತು ರೂಪಾಯಿ ಎಷ್ಟು ದಿನಕ್ಕೆ ಇಳಿಯಿತು? ಅಂಗಡಿಯವರಿಗೆ ಚೀಲಕ್ಕೆ ಬಾಡಿಗೆ ಎಷ್ಟು ಬಿದ್ದಿತ್ತೆಂದು ಕೇಳಿ ನೋಡಿ, ಕೇಳುವುದರಲ್ಲಿ ಸಂಕೋಚ ಬೇಡ. ಇವೆರಡು ಗೊತ್ತಾದರೆ ಲೂಟಿಯೋ ಅಲ್ಲವೋ ಎಂದು ನೀವೇ ಹೇಳಬಲ್ಲಿರಿ.